ದವಡೆಮೂಳೆ ಮತ್ತು ಮೂಳೆಯ ಔಷಧ: ಅಪಾಯವನ್ನು ಅಳೆಯುವ ಬಗೆ

ಸಕಲೇಶಪುರ, ಆಲೂರು ಸೀಮೆಗೆ ನೇರವಾಗಿ ಸಂಬಂಧಿಸಿದ ಒಂದೇ ವಿವಾದವನ್ನು ಇಲ್ಲಿ ಎತ್ತಿಕೊಳ್ಳಲಾಗಿದೆ.

ಮೂಳೆಸವೆತಕ್ಕೂ ಮೂಳೆಗೆ ಹರಡಿದ ಕ್ಯಾನ್ಸರಿಗೂ ಕೊಡುವ ಅಲೆಂಡ್ರೊನೇಟ್, ಜೋಲೆಡ್ರೊನಿಕ್ ಆಮ್ಲ, ಡೆನೊಸುಮಾಬ್ ಮೊದಲಾದ ಔಷಧಗಳು ಮೂಳೆಯನ್ನು ಕರಗಿಸುವ ಜೀವಕೋಶಗಳನ್ನು ತಡೆಯುತ್ತವೆ. ಇವುಗಳನ್ನು ಪಡೆದವರಲ್ಲಿ ಅಪರೂಪಕ್ಕೆ ದವಡೆಮೂಳೆಯ ಒಂದು ಭಾಗ ಸತ್ತು, ಒಸಡಿನಿಂದ ಹೊರಗೆ ಕಾಣುತ್ತ, ಎಂಟು ವಾರ ಕಳೆದರೂ ಮಾಯದೆ ಉಳಿಯುತ್ತದೆ. 2003ರಲ್ಲಿ ಅಮೆರಿಕದ ರಾಬರ್ಟ್ ಮಾರ್ಕ್ಸ್ ಇದನ್ನು ಲೋಕದ ಗಮನಕ್ಕೆ ತಂದರು.

ಔಷಧದ ಹೆಸರೊಂದರಿಂದಲೇ ಅಪಾಯವನ್ನು ಅಳೆಯಲಾಗದು. ಮೂಳೆಸವೆತಕ್ಕೆ ಜೋಲೆಡ್ರೊನಿಕ್ ಆಮ್ಲವನ್ನು ವರ್ಷಕ್ಕೊಮ್ಮೆ 5 ಮಿ.ಗ್ರಾಂ ಕೊಟ್ಟರೆ, ಕ್ಯಾನ್ಸರಿಗೆ ಸಾಮಾನ್ಯವಾಗಿ ಮೂರು-ನಾಲ್ಕು ವಾರಕ್ಕೊಮ್ಮೆ 4 ಮಿ.ಗ್ರಾಂ ಕೊಡುತ್ತಾರೆ; ಎಂದರೆ ವರ್ಷದ ಒಟ್ಟು ಪ್ರಮಾಣ ಹತ್ತು ಪಟ್ಟು ದಾಟುತ್ತದೆ. ಅಮೆರಿಕದ ದವಡೆ-ಮುಖ ಶಸ್ತ್ರವೈದ್ಯರ ಸಂಘ 2022ರಲ್ಲಿ ಕೊಟ್ಟ ಅಂದಾಜಿನಂತೆ, ಮೂಳೆಸವೆತಕ್ಕೆ ಅಲೆಂಡ್ರೊನೇಟ್, ಜೋಲೆಡ್ರೊನಿಕ್ ಆಮ್ಲದ ಗುಂಪಿನ ಔಷಧ ಪಡೆಯುವ 10,000 ಜನರಲ್ಲಿ ತೊಂದರೆಯಾಗುವುದು 2ರಿಂದ 5 ಜನರಿಗೆ. ಕ್ಯಾನ್ಸರಿಗೆ ಪಡೆಯುವ 100 ಜನರಲ್ಲಿ ಐವರಿಗಿಂತ ಕಡಿಮೆ. ಶಿರಾಡಿ ಘಾಟಿ ಇಳಿದು ಮಂಗಳೂರಿನಲ್ಲೋ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲೋ ಚಿಕಿತ್ಸೆ ಪಡೆದು, ಹಲ್ಲು ಕೀಳಿಸಲು ಸಕಲೇಶಪುರಕ್ಕೇ ಬರುವ ರೋಗಿಯು "ಮೂಳೆ ಗಟ್ಟಿಯಾಗೋ ಇಂಜೆಕ್ಷನ್" ಎಂದಷ್ಟೇ ಹೇಳಿದಾಗ, ಅದು ಎಷ್ಟು ದಿನಕ್ಕೊಮ್ಮೆ ಎಂಬ ಒಂದು ಪ್ರಶ್ನೆ ಎಲ್ಲ ರಕ್ತಪರೀಕ್ಷೆಗಳಿಗಿಂತ ಹೆಚ್ಚಿನದನ್ನು ತಿಳಿಸುತ್ತದೆ.

ವಿವಾದ ಇರುವುದು ಅಪಾಯವನ್ನು ಅಳೆಯಲೆಂದು ಮಾಡುವ ಒಂದು ರಕ್ತಪರೀಕ್ಷೆಯ ಸುತ್ತ. ಮೂಳೆ ಕರಗುವಾಗ ರಕ್ತಕ್ಕೆ ಸೇರುವ ಸಿಟಿಎಕ್ಸ್ ಎಂಬ ತುಣುಕಿನ ಮಟ್ಟ ಮಿ.ಲೀ.ಗೆ 100 ಪಿಕೊಗ್ರಾಂಗಿಂತ ಕಡಿಮೆಯಿದ್ದರೆ ಅಪಾಯ ಹೆಚ್ಚು, 150 ದಾಟಿದರೆ ಕಡಿಮೆ ಎಂದು ಮಾರ್ಕ್ಸ್ ಮತ್ತು ಸಂಗಡಿಗರು 2007ರಲ್ಲಿ ಸೂಚಿಸಿದರು. ರೋಗವನ್ನು ಗುರುತಿಸಿದ ಹಿರಿಮೆ ಅವರದಾದರೂ, ಈ ಅಂಕಿಯನ್ನು ಒಪ್ಪಲು ಸಾಧ್ಯವಿಲ್ಲ. ಸಿಟಿಎಕ್ಸ್ ಇಡೀ ಅಸ್ಥಿಪಂಜರದ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ದವಡೆಯದನ್ನಲ್ಲ. ಮೇಲಾಗಿ ಅದು ಬೆಳಗಿನ ಜಾವ ಏರಿ, ಉಂಡ ಮೇಲೆ ಇಳಿಯುವಂಥದು. ಆಲೂರಿನ ಹಳ್ಳಿಯಿಂದ ಅಕ್ಕಿರೊಟ್ಟಿ ತಿಂದು ಹಾಸನದ ಬಸ್ಸು ಹತ್ತಿದ ತೋಟದ ಹೆಂಗಸಿನ ರಕ್ತದಲ್ಲಿ ಅಂಕಿ ತಾನಾಗಿ ಕುಸಿದಿರುತ್ತದೆ. ಅದನ್ನು ನಂಬಿ ಹುಳುಕು ಹಲ್ಲನ್ನು ಕೀಳದೆ ಕಳುಹಿಸಿದರೆ, ಬೇರಿನ ತುದಿಯ ಕೀವು ದವಡೆಯಲ್ಲೇ ಉಳಿಯುತ್ತದೆ. ಮೂಳೆ ಸಾಯುವುದಕ್ಕೆ ಇರುವ ದೊಡ್ಡ ಕಾರಣಗಳಲ್ಲಿ ಆ ಸೋಂಕೂ ಒಂದು.

ಹಲ್ಲು ಕೀಳುವ ಮುನ್ನ ಔಷಧ ನಿಲ್ಲಿಸಬೇಕೆಂಬ ವಾದವೂ ಇಷ್ಟೇ ದುರ್ಬಲ. ಅಲೆಂಡ್ರೊನೇಟ್ ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ಎರಡು ತಿಂಗಳ ಬಿಡುವಿನಿಂದ ಮೂಳೆಯೊಳಗಿನ ಸಂಗ್ರಹ ಹೆಚ್ಚೇನೂ ತಗ್ಗದು. 2022ರ ಹೊತ್ತಿಗೆ ಆ ಅಮೆರಿಕನ್ ಸಂಘದೊಳಗೂ ಈ ಕುರಿತು ಒಮ್ಮತವಿರಲಿಲ್ಲ. ಡೆನೊಸುಮಾಬ್ ವಿಷಯದಲ್ಲಂತೂ ಬಿಡುವು ಅಪಾಯಕಾರಿ: ಆರು ತಿಂಗಳ ಸೂಜಿ ತಪ್ಪಿ ತಡವಾದರೆ ಬೆನ್ನುಮೂಳೆಗಳು ಒಂದರ ಮೇಲೊಂದು ಮುರಿದ ಉದಾಹರಣೆಗಳು ದಾಖಲಾಗಿವೆ. ದವಡೆಯ ಅಪರೂಪದ ಭಯಕ್ಕೆ ಬೆನ್ನನ್ನು ಬಲಿ ಕೊಡುವ ಸಲಹೆಯನ್ನು ಎಚ್ಚರಿಕೆಯೆಂದು ಕರೆಯಲಾಗದು. ಮೂಳೆಸವೆತಕ್ಕೆ ಡೆನೊಸುಮಾಬ್ ಪಡೆಯುವವರಲ್ಲಿ ಕೊನೆಯ ಸೂಜಿಯಿಂದ ಮೂರು-ನಾಲ್ಕು ತಿಂಗಳಿಗೆ ಹಲ್ಲು ಕಿತ್ತರೆ, ಮುಂದಿನ ಸೂಜಿಯ ಹೊತ್ತಿಗೆ ಗಾಯ ಮಾಯಲು ಅವಕಾಶವಿರುತ್ತದೆ.

ಕ್ಯಾನ್ಸರ್ ರೋಗಿಗಳ ವಿಚಾರದಲ್ಲಿ ಮಾತ್ರ ಹಲ್ಲುನೋವು ಬರುವವರೆಗೆ ಕಾಯುವುದು ಸಲ್ಲದು. ಮೊದಲ ಸೂಜಿಗೆ ಮುನ್ನವೇ ಅವರನ್ನು ದಂತವೈದ್ಯರಲ್ಲಿಗೆ ಕಳುಹಿಸಿ, ಉಳಿಸಲಾಗದ ಹಲ್ಲು, ಬೇರುಗಳನ್ನು ತೆಗೆಸಿ, ಕ್ಯಾನ್ಸರಿನ ಸ್ಥಿತಿ ಅವಕಾಶ ಕೊಟ್ಟರೆ ಒಸಡು ಮುಚ್ಚಿಕೊಳ್ಳಲು ಎರಡು-ಮೂರು ವಾರ ಬಿಡಬೇಕು; ಔಷಧದ ಹೆಸರು, ಪ್ರಮಾಣ, ಕೊಟ್ಟ ದಿನಾಂಕಗಳನ್ನು ರೋಗಿಯ ಚೀಟಿಯಲ್ಲಿ ಸಕಲೇಶಪುರದ ದಂತವೈದ್ಯರಿಗೂ ಓದಲು ಬರುವಂತೆ ಬಿಡಿಸಿ ಬರೆಯಬೇಕು.