ಶೀತಜ್ವರದ ಹಾವಳಿ, ಶಾಲೆಯ ರಜೆ ಮತ್ತು ನಾವು
(ಬಾರಾಮತಿಯಲ್ಲಿ ಕನ್ನಡ ಭಾಷಿಕರ ಸಭೆಯಲ್ಲಿ ನೀಡಿದ ಭಾಷಣ)



ಕರ್ಹಾ ನದಿಯ ದಡದ ಈ ಊರಿಗೆ ನಾನು ಹೊಸಬನಲ್ಲ. ನನ್ನ ಅಕ್ಕನನ್ನು ಇಲ್ಲಿಗೇ ಕೊಟ್ಟಿದೆ. ಮೋರೋಪಂತ ಕವಿ ಬಾಳಿದ ಊರೆಂದು ಮರಾಠಿ ಬಲ್ಲವರೂ, ಕಬ್ಬಿನ ಸೀಮೆಯೆಂದು ರೈತರೂ ಬಾರಾಮತಿಯನ್ನು ಅರಿತಿದ್ದಾರೆ. ದುಡಿಮೆಗಾಗಿ ಬಂದು ಇಲ್ಲಿಯೇ ನೆಲೆಸಿದ ನಿಮಗೆ ಇದು ಎರಡನೆಯ ತವರು. ಇಂದು ನನಗೆ ವಹಿಸಿರುವ ವಿಷಯ ಶೀತಜ್ವರದ ಹಾವಳಿ, ಅದರ ಕಾಲದಲ್ಲಿ ಶಾಲೆಗಳನ್ನು ಮುಚ್ಚುವ ಕ್ರಮ ಮತ್ತು ಅಂತಹ ಸಂದರ್ಭದಲ್ಲಿ ಜನರು ನಡೆದುಕೊಳ್ಳುವ ರೀತಿ. ಇದು ವೈದ್ಯರಿಗೆ ಸೇರಿದ ವಿಷಯವೆಂದು ತೋರಬಹುದು. ಆದರೆ ನಾನು ಆಸ್ಪತ್ರೆಗಿಂತ ಹೆಚ್ಚಾಗಿ ಮನೆಯನ್ನು ಕುರಿತೇ ಮಾತನಾಡಬೇಕಾಗಿದೆ.

2009ರ ಆಗಸ್ಟ್ ತಿಂಗಳನ್ನು ಪುಣೆ ಜಿಲ್ಲೆಯವರು ಮರೆತಿರಲಾರರು. ಆ ವರ್ಷದ ವಸಂತದಲ್ಲಿ ಮೆಕ್ಸಿಕೊ ಮತ್ತು ಅಮೆರಿಕಗಳಲ್ಲಿ ಕಾಣಿಸಿಕೊಂಡ ಹೊಸ ಬಗೆಯ ಇನ್‌ಫ್ಲುಯೆಂಜಾ ವೈರಾಣುವನ್ನು ವಿಶ್ವ ಆರೋಗ್ಯ ಸಂಸ್ಥೆಯು ಜೂನ್ 11ರಂದು ಜಾಗತಿಕ ಪಿಡುಗೆಂದು ಸಾರಿತು. ಎಚ್1ಎನ್1 ಎಂಬುದು ಅದರ ಶಾಸ್ತ್ರೀಯ ಹೆಸರು. ಜನರ ಬಾಯಲ್ಲಿ ಅದು ಹಂದಿಜ್ವರವಾಯಿತು. ಭಾರತದಲ್ಲಿ ಮೇ ತಿಂಗಳಲ್ಲಿ ಹೈದರಾಬಾದಿನಲ್ಲಿ, ಅಮೆರಿಕದಿಂದ ಬಂದ ಪ್ರಯಾಣಿಕರೊಬ್ಬರಲ್ಲಿ ಅದು ಮೊದಲು ಪತ್ತೆಯಾಯಿತು. ಆಗಸ್ಟ್ 3ರಂದು ಪುಣೆಯಲ್ಲಿ ಹದಿನಾಲ್ಕು ವರ್ಷದ ಶಾಲಾ ಬಾಲಕಿಯೊಬ್ಬಳು ಅಸುನೀಗಿದಳು. ದೇಶದಲ್ಲಿ ಈ ರೋಗಕ್ಕೆ ಬಲಿಯಾದ ಮೊದಲ ಜೀವ ಅದು. ಮೊದಮೊದಲು ಸಾಮಾನ್ಯ ಜ್ವರವೆಂದೇ ಭಾವಿಸಲಾಗಿದ್ದ ಕಾಯಿಲೆ ಖಚಿತವಾಗುವ ವೇಳೆಗೆ ಕಾಲ ಮಿಂಚಿತ್ತು.

ಅಲ್ಲಿಯವರೆಗೆ ವಿಮಾನದಲ್ಲಿ ಬರುವವರ ಕಾಯಿಲೆ ಎನಿಸಿದ್ದುದು ಒಂದೇ ದಿನದಲ್ಲಿ ಪ್ರತಿ ಮನೆಯ ಭೀತಿಯಾಯಿತು. ಸೋಂಕು ಕಂಡ ಕೆಲವು ಶಾಲೆಗಳು ಅದಕ್ಕೂ ಮುಂಚೆಯೇ ಬಾಗಿಲು ಹಾಕಿದ್ದವು. ಈಗ ನಗರದ ಶಾಲಾ ಕಾಲೇಜುಗಳನ್ನು ಒಂದು ವಾರ, ಚಿತ್ರಮಂದಿರಗಳನ್ನು ಮೂರು ದಿನ ಮುಚ್ಚಲು ಆದೇಶವಾಯಿತು. ಮುಂಬಯಿಯೂ ಕೆಲವೇ ದಿನಗಳಲ್ಲಿ ಅದೇ ದಾರಿ ಹಿಡಿಯಿತು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯ ಅಧಿಕಾರವನ್ನು ಬಳಸಿ ಪುಣೆಯ ಆಸ್ಪತ್ರೆಗಳಲ್ಲಿ ತಪಾಸಣಾ ಕೇಂದ್ರಗಳನ್ನು ತೆರೆಯಲಾಯಿತು.

ಜನರು ಏನು ಮಾಡಿದರು? ನಾಯ್ಡು ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯ ಮುಂದೆ ಗಂಟೆಗಟ್ಟಲೆ ಸಾಲು ನಿಂತರು. ಜ್ವರವಿದ್ದವರು, ಜ್ವರವಿರಬಹುದೆಂದು ಅಂಜಿದವರು, ಎದೆಗವಚಿಕೊಂಡ ಕೂಸುಗಳೊಂದಿಗೆ ಬಂದ ತಾಯಂದಿರು ಎಲ್ಲರೂ ಒಂದೇ ಸಾಲಿನಲ್ಲಿ. ರೋಗವಿಲ್ಲದೆ ಬಂದವರಿಗೂ ರೋಗ ತಗಲಲು ಅದಕ್ಕಿಂತ ತಕ್ಕ ಏರ್ಪಾಡು ಬೇರೆ ಬೇಕಿರಲಿಲ್ಲ. ಮುಖಗವಸುಗಳು ಔಷಧಿ ಅಂಗಡಿಗಳಿಂದ ಮಾಯವಾದವು; ಸಿಕ್ಕಲ್ಲಿ ಬೆಲೆ ಏರಿತು. ಕರವಸ್ತ್ರ ಕಟ್ಟಿಕೊಂಡವರೇ ಹೆಚ್ಚು. ಪುಣೆಯ ಹೆಣ್ಣುಮಕ್ಕಳು ದ್ವಿಚಕ್ರ ವಾಹನ ಓಡಿಸುವಾಗ ಧೂಳಿಗೆ ಅಂಜಿ ಮುಖಕ್ಕೆ ದುಪಟ್ಟಾ ಸುತ್ತಿಕೊಳ್ಳುವುದು ಮೊದಲಿನಿಂದಲೂ ಇದ್ದ ವಾಡಿಕೆ. ಆ ತಿಂಗಳು ಗಂಡಸರೂ ಅವರನ್ನು ಅನುಸರಿಸಿದರು. ಕರ್ಪೂರ ಮತ್ತು ಏಲಕ್ಕಿಯನ್ನು ಪುಡಿಮಾಡಿ ಬಟ್ಟೆಯಲ್ಲಿ ಕಟ್ಟಿ ಮೂಸುತ್ತಿದ್ದರೆ ರೋಗ ಸುಳಿಯದೆಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಅದರಿಂದ ಮೂಗಿಗೆ ಹಿತವಾಗಿರಬಹುದು, ವೈರಾಣುವಿಗೆ ಯಾವ ಬಾಧೆಯೂ ಇಲ್ಲ. ಇನ್ನು ಹಂದಿಯ ಹೆಸರು ಮಾಡಿದ ಅನಾಹುತ ಬೇರೆ. ಚೆನ್ನಾಗಿ ಬೇಯಿಸಿದ ಮಾಂಸದಿಂದ ಈ ರೋಗ ಬರುವುದಿಲ್ಲವಾದರೂ ಈಜಿಪ್ಟ್ ದೇಶ ತನ್ನಲ್ಲಿದ್ದ ಸುಮಾರು 3 ಲಕ್ಷ ಹಂದಿಗಳನ್ನು ಕೊಲ್ಲಲು ಆಜ್ಞೆ ಹೊರಡಿಸಿತು. ರೋಗಕ್ಕೆ ಹೆಸರಿಡುವಾಗಲೂ ಎಚ್ಚರ ಬೇಕೆಂಬುದು ಇದರಿಂದ ವಿದಿತವಾಗುತ್ತದೆ.

ಈಗ ಬಾರಾಮತಿಯ ಮಾತಿಗೆ ಬರುತ್ತೇನೆ. ಪುಣೆ ಇಲ್ಲಿಂದ ಸುಮಾರು ನೂರು ಕಿಲೋಮೀಟರ್. ಅಲ್ಲಿ ಶಾಲೆ ಕಾಲೇಜು ಮುಚ್ಚಿದರೆ ವಿದ್ಯಾರ್ಥಿನಿಲಯಗಳಲ್ಲಿ ಇರುವವರು ಎಲ್ಲಿಗೆ ಹೋಗಬೇಕು? ಸ್ವಾರಗೇಟಿನಲ್ಲಿ ಬಸ್ಸು ಹತ್ತಿ ಊರಿಗೇ ಬರಬೇಕು. ನನ್ನ ಅಕ್ಕನ ಮಗನೂ ಹಾಗೆಯೇ ಬಂದನು. ತುಂಬಿದ ಬಸ್ಸಿನಲ್ಲಿ ಮೂರು ಗಂಟೆ ನಿಂತು ಬಂದವನು ಸಂಜೆಯೇ ಓಣಿಯ ಹುಡುಗರೊಂದಿಗೆ ಕ್ರಿಕೆಟ್ ಆಡಿದನು. ರಜೆಯೆಂದರೆ ಅವನಿಗೆ ರಜೆಯೇ. ರಾತ್ರಿ ಮೈ ಕೆಂಡವಾಯಿತು. "ಅವ್ವಾ, ಯಾರ ಮುಂದೂ ಹೇಳಬ್ಯಾಡ, ನನ್ನ ಒಯ್ದು ಪುಣೇದ ದವಾಖಾನ್ಯಾಗ ಒಬ್ಬನ್ನ ಇಡತಾರ" ಎಂದು ಅಳುತ್ತಾ ತಾಯಿಯ ಕೈ ಹಿಡಿದುಕೊಂಡನಂತೆ. ಪುಣೆಯಿಂದ ಬಂದವನೆಂದು ನೆರೆಯ ಹೆಂಗಸರು ಆಗಲೇ ನಳದ ಹತ್ತಿರ ಪಿಸುಗುಟ್ಟತೊಡಗಿದ್ದರು. ಅಕ್ಕ ಬಾಯಿ ಬಿಡಲಿಲ್ಲ. ಎರಡು ದಿನ ಕಷಾಯ ಕುಡಿಸಿ, ಒಳಕೋಣೆಯಲ್ಲಿ, ಅಂದರೆ ಸಕ್ಕರೆ ಕಾಯಿಲೆಯಿದ್ದ ಅತ್ತೆಯವರು ಮಲಗುತ್ತಿದ್ದ ಕೋಣೆಯಲ್ಲಿಯೇ, ಅವನನ್ನು ಮಲಗಿಸಿದಳು. ಹುಡುಗ ನಾಲ್ಕನೆಯ ದಿನ ಎದ್ದು ಕುಳಿತ. ಅದೇ ದಿನ ಅತ್ತೆಯವರಿಗೆ ಜ್ವರ ಬಂತು, ಉಸಿರಾಟಕ್ಕೆ ತೊಂದರೆಯಾಯಿತು. ಆಗ ನನಗೆ ದೂರವಾಣಿ ಕರೆ ಬಂತು.

ಹಿರಿಯ ಜೀವ ಹೇಗೋ ಬದುಕಿ ಉಳಿಯಿತು, ಮೂರು ವಾರ ಹಾಸಿಗೆ ಹಿಡಿದ ಮೇಲೆ. ಅದು ಎಚ್1ಎನ್1 ವೈರಾಣುವೇ ಆಗಿತ್ತೆಂದು ಹೇಳಲು ಪರೀಕ್ಷೆ ನಡೆಯಲಿಲ್ಲ. ಅಕ್ಕನನ್ನು ನಾನು ಬೈದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಬೈದದ್ದು ತಪ್ಪೆಂದು ಅನಂತರ ಅನಿಸಿತು. ಅವಳು ರೋಗಕ್ಕೆ ಹೆದರಿರಲಿಲ್ಲ. ನಳದ ಹತ್ತಿರದ ಮಾತಿಗೆ ಹೆದರಿದ್ದಳು. ಜ್ವರ ಬಂದವನನ್ನು ತಪ್ಪಿತಸ್ಥನಂತೆ ಕಾಣುವ ಓಣಿಯಲ್ಲಿ ಜ್ವರವನ್ನು ಬಚ್ಚಿಡದೆ ತಾಯಿ ಬೇರೇನು ಮಾಡಿಯಾಳು?

ರೋಗವನ್ನು ಬಚ್ಚಿಡುವ ಈ ಪ್ರವೃತ್ತಿಗೆ ಪುಣೆಯಲ್ಲಿ ಹಳೆಯ ಬೇರುಗಳಿವೆ. 1897ರಲ್ಲಿ ಪ್ಲೇಗು ಬಂದಾಗ ರ‍್ಯಾಂಡ್ ಎಂಬ ಅಧಿಕಾರಿಯ ಮುಂದಾಳುತನದಲ್ಲಿ ಸೈನಿಕರು ಮನೆಮನೆ ಹೊಕ್ಕು ರೋಗಿಗಳನ್ನು ಹುಡುಕಿದರು. ಅಡುಗೆಮನೆ, ದೇವರಮನೆ ಎಂಬ ಭೇದವಿರಲಿಲ್ಲ. ಆಕ್ರೋಶ ಎಷ್ಟು ಬೆಳೆಯಿತೆಂದರೆ ಜೂನ್ 22ರ ರಾತ್ರಿ ಚಾಪೇಕರ್ ಸೋದರರು ರ‍್ಯಾಂಡನ ಮೇಲೆ ಗುಂಡು ಹಾರಿಸಿದರು. ಅದೇ ಪಿಡುಗಿನಲ್ಲಿ, ಅದೇ ವರ್ಷದ ಮಾರ್ಚ್ 10ರಂದು, ರೋಗಿಗಳ ಶುಶ್ರೂಷೆ ಮಾಡುತ್ತಿದ್ದ ಸಾವಿತ್ರಿಬಾಯಿ ಫುಲೆಯವರು ತಾವೇ ಪ್ಲೇಗಿಗೆ ತುತ್ತಾಗಿ ತೀರಿಕೊಂಡರು. ಒಂದೇ ಊರು, ಒಂದೇ ರೋಗ. ಒಬ್ಬರು ಬಂದರೆ ಜನರು ರೋಗಿಯನ್ನು ಅಡಗಿಸುತ್ತಿದ್ದರು, ಇನ್ನೊಬ್ಬರು ಬಂದರೆ ರೋಗಿಯನ್ನು ತಂದು ಒಪ್ಪಿಸುತ್ತಿದ್ದರು. ಮರುವರ್ಷ ಪ್ಲೇಗು ನಮ್ಮ ಬೆಂಗಳೂರನ್ನು ಮುಟ್ಟಿತು. ಅದರ ನೆನಪಾಗಿ ಪ್ಲೇಗಿನ ಮಾರಮ್ಮನ ಗುಡಿಗಳು ಇಂದಿಗೂ ನಿಂತಿವೆ.

ಇನ್ನು ಶಾಲೆ ಮುಚ್ಚುವುದರಿಂದ ನಿಜವಾಗಿ ಪ್ರಯೋಜನ ಉಂಟೆ ಎಂಬ ಪ್ರಶ್ನೆ. ಉಂಟು, ಆದರೆ ಮಿತಿಯುಂಟು. ಶೀತಜ್ವರದ ವೈರಾಣು ಕೆಮ್ಮು, ಸೀನುಗಳ ತುಂತುರಿನಿಂದಲೂ, ಅದು ಬಿದ್ದ ಕೈಗಳಿಂದಲೂ ಹರಡುತ್ತದೆ. ಸೋಂಕು ತಗಲಿದ ಒಂದರಿಂದ ನಾಲ್ಕು ದಿನಗಳಲ್ಲಿ ಜ್ವರ ಕಾಣಿಸುತ್ತದೆ. ಜ್ವರ ಬರುವ ಹಿಂದಿನ ದಿನದಿಂದಲೇ ರೋಗಿಯು ಇತರರಿಗೆ ಅಂಟಿಸಬಲ್ಲನು. ಮುಂದೆ ಐದರಿಂದ ಏಳು ದಿನ, ಮಕ್ಕಳಾದರೆ ಇನ್ನೂ ಕೆಲವು ದಿನ, ಈ ಅಪಾಯ ಉಳಿದಿರುತ್ತದೆ. ಒಂದು ವಾರದ ರಜೆಯ ಹಿಂದಿನ ಲೆಕ್ಕಾಚಾರ ಇದೇ. ಇಕ್ಕಟ್ಟಾದ ಬೆಂಚುಗಳಲ್ಲಿ ಭುಜಕ್ಕೆ ಭುಜ ತಗಲಿಸಿ ಕುಳಿತು, ಒಂದೇ ಬಾಟಲಿಯ ನೀರು ಕುಡಿಯುವ ಮಕ್ಕಳ ನಡುವೆ ಸೋಂಕು ಎಷ್ಟು ಬೇಗ ಹಬ್ಬುವುದೆಂಬುದನ್ನು ಆ ವರ್ಷವೇ ಪಂಚಗಣಿಯ ವಸತಿಶಾಲೆಯೊಂದರಲ್ಲಿ ಕಂಡದ್ದಾಯಿತು. ಅದನ್ನು ಅಧ್ಯಯನ ಮಾಡಿದ್ದು ಪುಣೆಯ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ. 1952ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಹೆಸರನ್ನು ಕನ್ನಡಿಗರು ಕೃತಜ್ಞತೆಯಿಂದ ನೆನೆಯಬೇಕು. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದಾಗ ಮಂಗನ ಕಾಯಿಲೆಯ ವೈರಾಣುವನ್ನು ಪತ್ತೆಹಚ್ಚಿದವರು ಇಲ್ಲಿಯ ವಿಜ್ಞಾನಿಗಳೇ.

ರಜೆಯ ಪರಿಣಾಮವನ್ನು ಅಳೆದವರಲ್ಲಿಯೂ ನಮ್ಮವರಿದ್ದಾರೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞರು ಲಂಡನ್ನಿನ ಸಂಶೋಧಕರೊಂದಿಗೆ ಸೇರಿ 2009ರ ಅಂಕಿಅಂಶಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಗಮನಾರ್ಹವಾದುದು. ಒಬ್ಬ ರೋಗಿಯಿಂದ ಸರಾಸರಿ ಎಷ್ಟು ಮಂದಿಗೆ ಸೋಂಕು ತಗಲುತ್ತದೆ ಎಂಬ ಪ್ರಮಾಣವು ಶಾಲೆಗಳಿಗೆ ರಜೆಯಿದ್ದ ದಿನಗಳಲ್ಲಿ, ದೇಶದ ಬೇರೆ ಬೇರೆ ಭಾಗಗಳಲ್ಲಿ, ಶೇಕಡ 14ರಿಂದ 27ರಷ್ಟು ತಗ್ಗಿತ್ತೆಂದು ಅವರು ಅಂದಾಜು ಮಾಡಿದರು. ಇದು ಸಣ್ಣ ಲಾಭವಲ್ಲ. ಆದರೆ ಉಳಿದ ಮುಕ್ಕಾಲು ಭಾಗ ಶಾಲೆಯ ಹೊರಗೆ, ಅಂದರೆ ಬಸ್ಸಿನಲ್ಲಿ, ಸಂತೆಯಲ್ಲಿ, ಮದುವೆಮನೆಯಲ್ಲಿ, ನಮ್ಮ ಒಳಕೋಣೆಯಲ್ಲಿ ಉಳಿದೇ ಇರುತ್ತದೆ. ಸರ್ಕಾರವು ಶಾಲೆಗೆ ಬೀಗ ಹಾಕಬಲ್ಲದು. ಒಳಕೋಣೆಯಲ್ಲಿ ಯಾರ ಪಕ್ಕದಲ್ಲಿ ಯಾರನ್ನು ಮಲಗಿಸಬೇಕೆಂದು ಆಜ್ಞೆ ಹೊರಡಿಸಲಾರದು.

ಶಾಲೆ ಮುಚ್ಚುವುದಕ್ಕೆ ಬೆಲೆಯನ್ನೂ ತೆರಬೇಕಾಗುತ್ತದೆ. ಕೋವಿಡ್ ಕಾಲದಲ್ಲಿ ಅದನ್ನು ತೆತ್ತಿದ್ದೇವೆ. ಕರ್ನಾಟಕದಲ್ಲಿ 2020ರ ಮಾರ್ಚಿನಲ್ಲಿ ಮುಚ್ಚಿದ ಕಿರಿಯ ತರಗತಿಗಳ ಬಾಗಿಲು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ವಿದ್ಯಾಗಮ ಯೋಜನೆಯಡಿ ಶಿಕ್ಷಕರು ಗುಡಿಯ ಕಟ್ಟೆ, ಮರದ ನೆರಳುಗಳಲ್ಲಿ ಪಾಠ ಹೇಳಿದ್ದುಂಟು. ಆದರೂ ಒಂದನೆಯ ತರಗತಿಗೆ ಸೇರಬೇಕಾಗಿದ್ದ ಮಗು ಅಕ್ಷರ ತಿದ್ದದೆ ಮೂರನೆಯ ತರಗತಿಯ ಹೊಸ್ತಿಲಿಗೆ ಬಂದು ನಿಂತಿತು. ಮಧ್ಯಾಹ್ನದ ಬಿಸಿಯೂಟವೇ ದಿನದ ಮುಖ್ಯ ಆಹಾರವಾಗಿದ್ದ ಮನೆಗಳ ಗತಿಯನ್ನು ನಾನು ವಿವರಿಸಬೇಕಿಲ್ಲ. ಕಬ್ಬು ಕಡಿಯುವ ಕಾಲದಲ್ಲಿ ಕಾರ್ಖಾನೆಗಳ ಸುತ್ತ ಏಳುವ ಗುಡಿಸಲುಗಳನ್ನು ನೀವು ಕಂಡಿದ್ದೀರಿ. ಅಲ್ಲಿಯ ಕೂಲಿಕಾರರ ಮಗುವಿಗೆ ಶಾಲೆ ಮುಚ್ಚಿದರೆ ಅದನ್ನು ಮನೆಯಲ್ಲಿ ಪ್ರತ್ಯೇಕವಾಗಿರಿಸಿ ಎಂದು ಹೇಳುವುದು ಹಾಸ್ಯವೇ ಸರಿ. ಮನೆಯಿರುವುದೇ ಒಂದು ಕೋಣೆ. ಆದುದರಿಂದ ರಜೆ ಎಷ್ಟು ದಿನ, ಏಕೆ, ಯಾವ ಲಕ್ಷಣ ಕಂಡರೆ ಮುಂದುವರಿಯುತ್ತದೆ ಎಂಬುದನ್ನು ಆದೇಶ ಹೊರಡಿಸುವವರು ಮೊದಲ ದಿನವೇ ತಿಳಿಸಬೇಕೆಂಬುದು ನನ್ನ ಅಭಿಪ್ರಾಯ. 2023ರ ಮಾರ್ಚಿನಲ್ಲಿ ಜ್ವರ ಹೆಚ್ಚಿದಾಗ ಪುದುಚೇರಿಯ ಆಡಳಿತವು ಎಂಟನೆಯ ತರಗತಿಯವರೆಗೆ 16ರಿಂದ 26ನೆಯ ತಾರೀಖಿನವರೆಗೆ ಎಂದು ಖಚಿತವಾಗಿ ಹೇಳಿ ರಜೆ ಕೊಟ್ಟಿತು. ಕೊನೆಯ ದಿನ ಗೊತ್ತಿದ್ದರೆ ಜನರೂ ತಾಳ್ಮೆಯಿಂದ ಇರುತ್ತಾರೆ.

ಬಾರಾಮತಿಯೂ ಈ ವಿಷಯದಲ್ಲಿ ತನ್ನ ಅನುಭವವನ್ನು ಗಳಿಸಿದೆ. 2020ರ ಏಪ್ರಿಲ್‌ನಲ್ಲಿ ಇಲ್ಲಿ ಬೆರಳೆಣಿಕೆಯ ಕೋವಿಡ್ ರೋಗಿಗಳು ಕಾಣಿಸಿಕೊಂಡಾಗ ರಾಜಸ್ಥಾನದ ಭೀಲ್‌ವಾಡಾ ಮಾದರಿಯನ್ನು ಅನುಸರಿಸಿ, ಊರನ್ನು ವಿಭಾಗಗಳಾಗಿ ಮಾಡಿ, ಸ್ವಯಂಸೇವಕರ ಮೂಲಕ ದಿನಬಳಕೆಯ ಸಾಮಗ್ರಿಗಳನ್ನು ಮನೆಬಾಗಿಲಿಗೆ ತಲುಪಿಸಲಾಯಿತು. ಹನ್ನೊಂದು ವರ್ಷ ಮುಂಚೆ ನಳದ ಹತ್ತಿರ ಪಿಸುಗುಟ್ಟಿದ್ದ ನೆರೆಯವರಲ್ಲಿ ಒಬ್ಬಾಕೆ ಆಗ ಅಕ್ಕನ ಮನೆಯ ಕಟ್ಟೆಯ ಮೇಲೆ ತರಕಾರಿ ಇಟ್ಟು, ದೂರ ನಿಂತು ಕೂಗಿ ಹೇಳಿ ಹೋಗುತ್ತಿದ್ದರು.

ಎಚ್1ಎನ್1 ನಮ್ಮನ್ನು ಬಿಟ್ಟು ಹೋಗಿಲ್ಲ. ಅದು ಈಗ ಋತುಮಾನದ ಶೀತಜ್ವರಗಳಲ್ಲಿ ಒಂದಾಗಿ ಸೇರಿಹೋಗಿದೆ. 2015ರಲ್ಲಿ ದೇಶದಲ್ಲಿ 42 ಸಾವಿರಕ್ಕೂ ಹೆಚ್ಚು ಮಂದಿಗೆ ತಗಲಿ ಸುಮಾರು 3 ಸಾವಿರ ಮಂದಿ ಮೃತಪಟ್ಟರು. ಆದುದರಿಂದ ಮನೆಯಲ್ಲಿ ಮಾಡಬೇಕಾದುದನ್ನು ಹೇಳಿಬಿಡುತ್ತೇನೆ. 2009ರ ಆಗಸ್ಟ್‌ನಲ್ಲಿಯೇ ಕೇಂದ್ರ ಆರೋಗ್ಯ ಸಚಿವಾಲಯವು ರೋಗಿಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿತು. ಅಲ್ಪ ಜ್ವರ, ಕೆಮ್ಮು, ಗಂಟಲು ನೋವು ಇರುವವರು ಮೊದಲ ವರ್ಗ. ಇವರಿಗೆ ಪರೀಕ್ಷೆಯೂ ಬೇಡ, ಆಸ್ಪತ್ರೆಯ ಸಾಲೂ ಬೇಡ. ಮನೆಯಲ್ಲಿಯೇ ಇರಬೇಕು, ಧಾರಾಳವಾಗಿ ನೀರು, ಗಂಜಿ ಕುಡಿಯಬೇಕು. ಜ್ವರ ತೀವ್ರವಾಗಿದ್ದರೆ, ಅಥವಾ ರೋಗಿಯು ಗರ್ಭಿಣಿ, ಚಿಕ್ಕ ಮಗು, ವೃದ್ಧ ಇಲ್ಲವೆ ಸಕ್ಕರೆ ಕಾಯಿಲೆ, ಉಬ್ಬಸ, ಹೃದ್ರೋಗ ಇರುವವರಾಗಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಒಸೆಲ್ಟಮಿವಿರ್ ಎಂಬ ಔಷಧಿಯನ್ನು ಮೊದಲ ಎರಡು ದಿನಗಳಲ್ಲಿ ಆರಂಭಿಸಿದರೆ ಫಲ ಹೆಚ್ಚು. ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ತುಟಿ ನೀಲಿಯಾದರೆ, ಮಗು ಆಹಾರ ಬಿಟ್ಟು ಮಂಕಾದರೆ ಅದು ಮೂರನೆಯ ವರ್ಗ. ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಶೀತಜ್ವರದಲ್ಲಿ ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು. ಒಂದೇ ಕೋಣೆಯ ಮನೆಯಾದರೆ ಕಿಟಕಿ ಬಾಗಿಲು ತೆರೆದಿಟ್ಟು, ರೋಗಿಯನ್ನು ಗಾಳಿ ಹೊರಹೋಗುವ ಕಡೆಗೆ ಮಲಗಿಸಿ, ಅಜ್ಜ ಅಜ್ಜಿಯರ ಹಾಸಿಗೆಯನ್ನು ಸಾಧ್ಯವಾದಷ್ಟು ದೂರ ಹಾಸಿರಿ. ಅಪಾಯದ ಗುಂಪಿನವರು ಲಸಿಕೆಯ ಬಗ್ಗೆ ವೈದ್ಯರನ್ನು ವಿಚಾರಿಸಲಿ. ವೈರಾಣು ತನ್ನ ರೂಪವನ್ನು ಬದಲಿಸುತ್ತಲೇ ಇರುವುದರಿಂದ ಈ ಲಸಿಕೆಯನ್ನು ವರ್ಷಕ್ಕೊಮ್ಮೆ ಹಾಕಿಸಿಕೊಳ್ಳಬೇಕಾಗುತ್ತದೆ.

ಸಭೆಯ ಹಿಂಭಾಗದಲ್ಲಿ ಕುಳಿತಿರುವ ತಾಯಂದಿರು ಏನನ್ನೋ ಕೇಳಬೇಕೆಂದು ಆಗಿನಿಂದ ಕೈ ಎತ್ತುತ್ತಿದ್ದಾರೆ. ಮೊದಲು ಅವರ ಪ್ರಶ್ನೆಯನ್ನು ತೆಗೆದುಕೊಳ್ಳೋಣ.