ಅಳೆದವರ ವಿದ್ಯೆ, ಅಳತೆಗೆ ಒಳಗಾದವರ ಮಾತು

ಸ್ವತಂತ್ರ ಭಾರತದಲ್ಲಿ ಅರ್ಥಶಾಸ್ತ್ರ ಮತ್ತು ಸಮಾಜಶಾಸ್ತ್ರಗಳ ಉನ್ನತ ಅಧ್ಯಯನಕ್ಕೆ ದೆಹಲಿ ಒಂದು ಮುಖ್ಯ ನೆಲೆಯಾಗಿ ಬೆಳೆಯಲು ಕಾರಣರಾದವರಲ್ಲಿ ಇಬ್ಬರಿಗೆ ಕರ್ನಾಟಕದೊಡನೆ ಆಳವಾದ ನಂಟಿತ್ತು. 1949ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಸಂಸ್ಥೆಯನ್ನು ಕಟ್ಟಿ, ಮುಂದೆ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾದ ವಿ.ಕೆ.ಆರ್.ವಿ. ರಾವ್ ಕೇಂಬ್ರಿಜ್‌ನಲ್ಲಿ ಸಂಶೋಧನೆ ಮಾಡಿದವರು. 1959ರಲ್ಲಿ ಅದೇ ಸಂಸ್ಥೆಯಲ್ಲಿ ಸಮಾಜಶಾಸ್ತ್ರ ವಿಭಾಗವನ್ನು ಆರಂಭಿಸಿದ ಮೈಸೂರಿನ ಎಂ.ಎನ್. ಶ್ರೀನಿವಾಸ್ ಆಕ್ಸ್‌ಫರ್ಡ್‌ನಲ್ಲಿ ಪದವಿ ಪಡೆದು ಅಲ್ಲಿಯೇ ಕೆಲಕಾಲ ಪಾಠ ಹೇಳಿದವರು. ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಈ ನಾಡಿನ ಬಗ್ಗೆ ತಯಾರಾದ ಜ್ಞಾನವನ್ನು ಕುರಿತು ದೆಹಲಿಯಲ್ಲಿ, ಕನ್ನಡದಲ್ಲಿ ಚರ್ಚಿಸಲು ಹೊರಟಿರುವ ಈ ವಿಚಾರ ಸಂಕಿರಣಕ್ಕೆ ಇವರಿಬ್ಬರ ಕೆಲಸವೇ ಸಹಜವಾದ ಆರಂಭಬಿಂದು. ಅಲ್ಲಿ ಕಲಿತದ್ದನ್ನು ಇಲ್ಲಿಗೆ ತಂದು ಒಪ್ಪಿಸಿದವರೆಂದು ಅವರನ್ನು ಬಣ್ಣಿಸಿದರೆ ಸಾಲದು; ಕಲಿತದ್ದನ್ನು ಇಲ್ಲಿಯ ನೆಲದ ಮೇಲಿಟ್ಟು ಒರೆಗೆ ಹಚ್ಚಿದ್ದೇ ಅವರ ಹೆಚ್ಚಳ. ಒಂದು ಸಂಶೋಧನೆಯನ್ನು ಮತ್ತೆ ಪರೀಕ್ಷಿಸುವ ಅವಕಾಶ ಯಾರಿಗೆ ದೊರೆಯಿತು, ಯಾರಿಗೆ ದೊರೆಯಲಿಲ್ಲ ಎಂಬುದೇ ಈ ಸಂಕಿರಣದ ಕೇಂದ್ರ ಪ್ರಶ್ನೆಯಾಗಬೇಕೆಂಬುದು ಇಲ್ಲಿಯ ಆಶಯ.

ರಾವ್ ಅವರು ಕೇಂಬ್ರಿಜ್‌ನಲ್ಲಿ ಕೈಗೊಂಡ ಸಂಶೋಧನೆಯ ವಿಷಯ 1931-32ರ ಬ್ರಿಟಿಷ್ ಇಂಡಿಯಾದ ರಾಷ್ಟ್ರೀಯ ವರಮಾನ, ಅಂದರೆ ಒಂದು ವರ್ಷದಲ್ಲಿ ದೇಶದ ಜನರೆಲ್ಲ ಸೇರಿ ಉತ್ಪಾದಿಸಿದ ಸರಕು ಮತ್ತು ಸೇವೆಗಳ ಒಟ್ಟು ಮೌಲ್ಯ. ದಾದಾಭಾಯಿ ನವರೋಜಿ ಹತ್ತೊಂಬತ್ತನೆಯ ಶತಮಾನದಲ್ಲೇ ತಲಾ ವರಮಾನವನ್ನು ವರ್ಷಕ್ಕೆ ಸುಮಾರು 20 ರೂಪಾಯಿ ಎಂದು ಅಂದಾಜು ಮಾಡಿ ಬ್ರಿಟಿಷ್ ಆಡಳಿತದ ಮುಂದೆ ಇಟ್ಟಿದ್ದರೂ, ಲಭ್ಯ ಅಂಕಿಅಂಶಗಳನ್ನು ಒಂದು ಶಿಸ್ತಿನ ಚೌಕಟ್ಟಿನೊಳಗೆ ತಂದ ಕೀರ್ತಿ ರಾವ್ ಅವರಿಗೆ ಸಲ್ಲುತ್ತದೆ. ಬೇಸಾಯ, ಗಣಿಯಂಥ ವಲಯಗಳಲ್ಲಿ ಬೆಳೆದ ಮತ್ತು ತೆಗೆದ ಪದಾರ್ಥದ ಬೆಲೆಯನ್ನು ಲೆಕ್ಕ ಹಾಕಿ, ವ್ಯಾಪಾರ, ನೌಕರಿ, ಸೇವೆಗಳಲ್ಲಿ ಜನರ ಗಳಿಕೆಯನ್ನು ಲೆಕ್ಕ ಹಾಕಿ, ಎರಡನ್ನೂ ಕೂಡಿಸುವ ಮಿಶ್ರವಿಧಾನ ಅವರದು. ಅದರಿಂದ ದೊರೆತ ತಲಾ ವರಮಾನ 62 ರೂಪಾಯಿ. ಇಂಥ ಮಿಶ್ರವಿಧಾನ ಬೇಕಾದದ್ದು ಇಲ್ಲಿಯ ಬದುಕಿನ ಸ್ವರೂಪದಿಂದಾಗಿ. ಬೆಳೆದ ರಾಗಿ ಸಂತೆಗೆ ಹೋಗದೆ ಮನೆಯ ಕಣಜಕ್ಕೇ ಸೇರುವಾಗ, ಕೂಲಿಯನ್ನು ಕಾಸಿನಲ್ಲಿ ಕೊಡದೆ ಕಾಳಿನಲ್ಲಿ ಅಳೆದುಕೊಡುವಾಗ, ಸಂಬಳದ ಪಟ್ಟಿ ಮತ್ತು ತೆರಿಗೆಯ ಕಡತಗಳು ದೇಶದ ವರಮಾನದ ಒಂದು ಚೂರನ್ನು ಮಾತ್ರ ತೋರಿಸುತ್ತವೆ. ಸ್ವಾತಂತ್ರ್ಯದ ನಂತರ, 1949ರಲ್ಲಿ, ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಅವರ ಅಧ್ಯಕ್ಷತೆಯಲ್ಲಿ ರಚಿತವಾದ ರಾಷ್ಟ್ರೀಯ ವರಮಾನ ಸಮಿತಿಯಲ್ಲಿ ಅರ್ಥಶಾಸ್ತ್ರಜ್ಞ ಡಿ.ಆರ್. ಗಾಡ್ಗೀಳರೊಂದಿಗೆ ರಾವ್ ಅವರೂ ಸದಸ್ಯರಾಗಿದ್ದರು.

ವರಮಾನದ ಈ ಲೆಕ್ಕಕ್ಕಿಂತ ದಿಟ್ಟವಾದದ್ದು ರಾವ್ ಅವರು 1952ರಲ್ಲಿ ಬರೆದ ಪ್ರಬಂಧ. ಕೇಂಬ್ರಿಜ್‌ನ ಕೇನ್ಸ್ 1936ರ ತಮ್ಮ ಗ್ರಂಥದಲ್ಲಿ ಬೆಳೆಸಿದ ಗುಣಕ ಸಿದ್ಧಾಂತದ ಪ್ರಕಾರ, ಸರ್ಕಾರ ಹೂಡುವ ಒಂದು ರೂಪಾಯಿ ಒಬ್ಬರ ಖರ್ಚು ಇನ್ನೊಬ್ಬರ ವರಮಾನವಾಗುತ್ತ ಕೈಯಿಂದ ಕೈಗೆ ಸಾಗಿ, ಒಟ್ಟು ವರಮಾನವನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ಕಾರ್ಖಾನೆಯೂ ಕಾರ್ಮಿಕನೂ ಒಟ್ಟಿಗೆ ಕೆಲಸವಿಲ್ಲದೆ ಕುಳಿತಿದ್ದ ಮೂವತ್ತರ ದಶಕದ ಇಂಗ್ಲೆಂಡಿಗೆ ಈ ಮಾತು ಒಪ್ಪುತ್ತಿತ್ತು. ಭಾರತದಲ್ಲಾದರೋ ಕೆಲಸವಿಲ್ಲದವನು ಬೀದಿಯಲ್ಲಿ ಕಾಣಿಸುತ್ತಿರಲಿಲ್ಲ. ಇಬ್ಬರು ಮಾಡಬಹುದಾದ ಹೊಲದ ಕೆಲಸವನ್ನು ಮನೆಯ ನಾಲ್ವರು ಹಂಚಿಕೊಂಡು ಮಾಡುತ್ತಿದ್ದರು, ಅದಕ್ಕೆ ಅರ್ಥಶಾಸ್ತ್ರದಲ್ಲಿ ಮರೆಮಾಚಿದ ನಿರುದ್ಯೋಗ ಎನ್ನುತ್ತಾರೆ. ಇಂಥ ಕಡೆ ಹಣದ ಹರಿವು ಹೆಚ್ಚಿದರೆ ಮೊದಲು ಏರುವುದು ಊಟದ ಬೇಡಿಕೆ. ರೈತನ ಮನೆಯವರೇ ಹಿಂದಿಗಿಂತ ತುಸು ಹೆಚ್ಚು ಉಣ್ಣುವುದರಿಂದ ಮಾರುಕಟ್ಟೆಗೆ ಬರುವ ಧಾನ್ಯ ಕಡಿಮೆಯಾಗುತ್ತದೆ, ಕೂಡಲೇ ಬೆಳೆಯನ್ನು ಹೆಚ್ಚಿಸುವ ಸಾಧನಗಳೂ ಇಲ್ಲದ್ದರಿಂದ ಉತ್ಪಾದನೆಯ ಬದಲು ಬೆಲೆ ಏರುತ್ತದೆ ಎಂದು ರಾವ್ ತೋರಿಸಿದರು. ಕೇಂಬ್ರಿಜ್‌ನಲ್ಲಿ ಕಲಿತವರು ಕೇಂಬ್ರಿಜ್‌ನ ಅತಿ ಪ್ರಸಿದ್ಧ ಸಿದ್ಧಾಂತಕ್ಕೆ ಹಾಕಿದ ಈ ಗಡಿರೇಖೆ ದೆಹಲಿ ಸ್ಕೂಲ್‌ನದೇ ಪತ್ರಿಕೆಯ ಮೊದಲ ಸಂಪುಟದಲ್ಲಿ ಪ್ರಕಟವಾಯಿತೆಂಬುದು ಗಮನಿಸತಕ್ಕ ಸಂಗತಿ.

ಶ್ರೀನಿವಾಸರ ದಾರಿ ಬೇರೆಯಾಗಿತ್ತು. ಮುಂಬಯಿಯಲ್ಲಿ ಸಮಾಜಶಾಸ್ತ್ರಜ್ಞ ಘುರ್ಯೆ ಅವರ ವಿದ್ಯಾರ್ಥಿಯಾಗಿದ್ದಾಗ ಕೊಡಗಿನಲ್ಲಿ ಸಂಗ್ರಹಿಸಿದ ವಿಪುಲ ಸಾಮಗ್ರಿಯನ್ನು ಅವರು ಆಕ್ಸ್‌ಫರ್ಡ್‌ನಲ್ಲಿ ರ‍್ಯಾಡ್‌ಕ್ಲಿಫ್-ಬ್ರೌನ್ ಮತ್ತು ಇವಾನ್ಸ್-ಪ್ರಿಚರ್ಡ್ ಅವರ ಮಾರ್ಗದರ್ಶನದಲ್ಲಿ ಹೊಸದಾಗಿ ವಿಶ್ಲೇಷಿಸಿದರು. ಆಗ ಅಲ್ಲಿ ಪ್ರಬಲವಾಗಿದ್ದ ಪ್ರಕಾರ್ಯವಾದವೆಂದರೆ, ಸಮಾಜದ ಪ್ರತಿಯೊಂದು ಆಚರಣೆಯೂ ಆ ಸಮಾಜವನ್ನು ಒಟ್ಟಾಗಿ ಹಿಡಿದಿಡುವುದರಲ್ಲಿ ಒಂದು ಪಾತ್ರ ವಹಿಸುತ್ತದೆಂಬ ನಿಲುವು. ಕೊಡವರ ಒಕ್ಕ, ಅಂದರೆ ತಂದೆಯ ಕಡೆಯ ವಂಶದ ಅವಿಭಕ್ತ ಕುಟುಂಬ, ಮತ್ತು ಅದರ ಮದುವೆ, ಸಾವು, ಹಬ್ಬಗಳ ವಿಧಿಗಳನ್ನು ಶ್ರೀನಿವಾಸರು ಈ ಬೆಳಕಿನಲ್ಲಿ ಓದಿದರು. 1952ರಲ್ಲಿ ಪ್ರಕಟವಾದ ಆ ಗ್ರಂಥದಲ್ಲೇ ಸಂಸ್ಕೃತೀಕರಣವೆಂಬ ಪರಿಕಲ್ಪನೆ, ಎಂದರೆ ಕೆಳಗೆಂದು ಎಣಿಸಲ್ಪಟ್ಟ ಸಮುದಾಯವೊಂದು ಮೇಲಿನವರ ಆಚಾರಗಳನ್ನು ಅಳವಡಿಸಿಕೊಂಡು ತನ್ನ ಸ್ಥಾನವನ್ನು ಏರಿಸಿಕೊಳ್ಳಲು ಯತ್ನಿಸುವ ಪ್ರಕ್ರಿಯೆ, ವಿದ್ವತ್ ಲೋಕಕ್ಕೆ ಪರಿಚಯವಾಯಿತು. ಆದರೆ ಸಾಮರಸ್ಯವನ್ನೇ ಹುಡುಕುವ ಸಿದ್ಧಾಂತಕ್ಕೆ ಜಗಳ ಕಾಣುವುದು ಕಷ್ಟ. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ, ಅದನ್ನು ‘ರಾಂಪುರ’ವೆಂಬ ಕಲ್ಪಿತ ಹೆಸರಿನಿಂದ ಕರೆದು ಬರೆದ ಶ್ರೀನಿವಾಸರಿಗೆ, ಭೂಮಿ, ಜನಬಲ ಮತ್ತು ಸ್ಥಳೀಯ ಅಧಿಕಾರಗಳನ್ನು ಹಿಡಿದ ಪ್ರಬಲ ಜಾತಿಯೇ ಊರಿನ ವ್ಯವಹಾರದ ಯಾಜಮಾನ್ಯ ನಡೆಸುತ್ತದೆಂಬುದು, ಶಾಸ್ತ್ರಗ್ರಂಥಗಳ ವರ್ಣಕ್ರಮದಿಂದ ಅದನ್ನು ಊಹಿಸಲಾಗದೆಂಬುದು ಮನದಟ್ಟಾಯಿತು. ಪುಸ್ತಕದ ನೋಟಕ್ಕಿಂತ ಕ್ಷೇತ್ರದ ನೋಟ ಮುಖ್ಯವೆಂಬ ಅವರ ಪಾಠವನ್ನು ದೆಹಲಿಯ ವಿಭಾಗ ಒಂದು ಪೀಳಿಗೆಯ ಸಂಶೋಧಕರಿಗೆ ಕಲಿಸಿತು. 1972ರಲ್ಲಿ ರಾವ್ ಮತ್ತು ಶ್ರೀನಿವಾಸ್ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯಲ್ಲಿ ಮತ್ತೆ ಜೊತೆಗೂಡಿದರು.

ಈ ಇಬ್ಬರೂ ಹೊರಗೆ ಹೋಗಿ ಮರಳಿದವರು. ಹೊರಗಿನಿಂದ ಬಂದವರ ಸಂಶೋಧನೆಗೆ ಕನ್ನಡ ನಾಡಿನ ಅತ್ಯುತ್ತಮ ನಿದರ್ಶನ ಸ್ಕಾರ್ಲೆಟ್ ಎಪ್‌ಸ್ಟೀನ್ ಅವರದು. ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದ ಈ ಅರ್ಥಶಾಸ್ತ್ರಜ್ಞೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಿಂದ 1954ರಲ್ಲಿ ಮಂಡ್ಯ ಸೀಮೆಗೆ ಬಂದು, ಸುಮಾರು ಎರಡು ವರ್ಷ ಎರಡು ಹಳ್ಳಿಗಳಲ್ಲಿ ಕ್ಷೇತ್ರಕಾರ್ಯ ನಡೆಸಿ, 1962ರಲ್ಲಿ ಗ್ರಂಥ ಪ್ರಕಟಿಸಿದರು. ಕೃಷ್ಣರಾಜಸಾಗರದ ಕಾಲುವೆಯ ನೀರು ಹರಿದ ಊರಿಗೆ ‘ವಂಗಲ’ವೆಂದೂ, ಭೂಮಿ ಎತ್ತರದಲ್ಲಿದ್ದುದರಿಂದ ನೀರು ಹತ್ತದೆ ಒಣಗಿ ಉಳಿದ ಊರಿಗೆ ‘ದಲೇನ’ವೆಂದೂ ಅವರು ಹೆಸರಿಟ್ಟರು. ನೀರು ಬಂದ ಊರು ಬೇಗ ಬದಲಾಗುತ್ತದೆ, ಒಣ ಊರು ಹಳೆಯದಕ್ಕೇ ಅಂಟಿಕೊಳ್ಳುತ್ತದೆ ಎಂದು ಯಾರಾದರೂ ಊಹಿಸಬಹುದಿತ್ತು. ಕಂಡುಬಂದದ್ದು ಅದಕ್ಕೆ ತಿರುಗುಮುರುಗು. ವಂಗಲದಲ್ಲಿ ಕಬ್ಬು ಬಂತು, ಮಂಡ್ಯದ ಸಕ್ಕರೆ ಕಾರ್ಖಾನೆಯ ದುಡ್ಡು ಬಂತು. ಆದರೂ ಜನ ಬೇಸಾಯದಲ್ಲೇ ಉಳಿದದ್ದರಿಂದ ಒಕ್ಕಲಿಗ ಯಜಮಾನರಿಗೂ ಆದಿಕರ್ನಾಟಕ ಕುಟುಂಬಗಳಿಗೂ ನಡುವಿನ ವಂಶಪಾರಂಪರ್ಯದ ದುಡಿಮೆಯ ಸಂಬಂಧ ಬಹುಮಟ್ಟಿಗೆ ಹಾಗೆಯೇ ಮುಂದುವರಿಯಿತು. ನೀರು ಸಿಗದ ದಲೇನದವರು ಮಂಡ್ಯದಲ್ಲಿ ನೌಕರಿ ಹಿಡಿದರು, ಗಾಡಿ ಬಾಡಿಗೆ ಮಾಡಿದರು, ನೀರಾವರಿ ಇದ್ದ ನೆರೆಯೂರುಗಳಲ್ಲಿ ಜಮೀನು ಕೊಂಡರು. ಈ ಹಲವು ದಾರಿಗಳ ಗಳಿಕೆ ಊರಿನ ಹಳೆಯ ಅವಲಂಬನೆಗಳನ್ನೂ ಹಿರಿಯರ ಹಿಡಿತವನ್ನೂ ಸಡಿಲಿಸಿತು. ಇಂದು ಗುರುಗ್ರಾಮ, ನೋಯ್ಡಾಗಳ ಸುತ್ತಲಿನ ಹಳ್ಳಿಗಳನ್ನು ಅಧ್ಯಯನ ಮಾಡುವವರಿಗೆ ದಲೇನದ ಈ ಕಥನ ಈಗಲೂ ಉಪಯುಕ್ತ ಪ್ರಶ್ನೆಗಳನ್ನು ಒದಗಿಸುತ್ತದೆ.

ಎಪ್‌ಸ್ಟೀನ್ ಅವರ ಇನ್ನೊಂದು ವಾದದ ಮೇಲೆ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ. ಸುಗ್ಗಿಯಲ್ಲಿ ಆಳುಮಕ್ಕಳಿಗೆ ಕೊಡುವ ಧಾನ್ಯದ ಪ್ರಮಾಣ ಬೆಳೆ ಹೆಚ್ಚಾದರೂ ಕಡಿಮೆಯಾದರೂ ಬದಲಾಗದಿರುವುದನ್ನು ಗಮನಿಸಿದ ಅವರು, 1967ರ ಪ್ರಬಂಧವೊಂದರಲ್ಲಿ ಈ ರೂಢಿಗೆ ಒಂದು ಆರ್ಥಿಕ ತರ್ಕವಿದೆಯೆಂದು ಪ್ರತಿಪಾದಿಸಿದರು: ಬರಗಾಲದಲ್ಲಿ ದುಡಿಯುವವನಿಗೆ ಹೊಟ್ಟೆಪಾಡಿನ ಭರವಸೆ, ಒಳ್ಳೆಯ ವರ್ಷದಲ್ಲಿ ಮಿಕ್ಕದ್ದೆಲ್ಲ ಯಜಮಾನನ ಪಾಲು. ವಾದ ಸೂಕ್ಷ್ಮವಾದದ್ದು, ಕೂಲಿಯೆಂಬುದು ಸದಾ ಮಾರುಕಟ್ಟೆಯಲ್ಲೇ ನಿರ್ಧಾರವಾಗುತ್ತದೆಂಬ ನಂಬಿಕೆಗೆ ತಕ್ಕ ಉತ್ತರ. ಆದರೂ ಬರದ ವರ್ಷದ ಆ ಭರವಸೆ ಎಷ್ಟರಮಟ್ಟಿಗೆ ರಕ್ಷಣೆಯಾಗಿತ್ತು, ಎಷ್ಟರಮಟ್ಟಿಗೆ ಬಿಡಿಸಿಕೊಳ್ಳಲಾಗದ ಕಟ್ಟಾಗಿತ್ತು ಎಂಬುದನ್ನು ಹೇಳಲು ಅರ್ಹರಾದವರು ಆ ಧಾನ್ಯವನ್ನು ಮಡಿಲಿಗೆ ಹಾಕಿಸಿಕೊಂಡವರು. ಅವರ ಬಗ್ಗೆ ಬರೆದ ವಾದ ಇಂಗ್ಲಿಷಿನಲ್ಲಿ ಪ್ರಕಟವಾಗಿ ಇಂಗ್ಲಿಷಿನಲ್ಲೇ ಚರ್ಚೆಯಾಯಿತು. ಅದನ್ನು ಒಪ್ಪುವ ಅಥವಾ ನಿರಾಕರಿಸುವ ಅವಕಾಶ ಆ ಕೇರಿಗಳಿಗೆ ದೊರೆಯಲಿಲ್ಲ. ಇದು ಸಂಶೋಧಕಿಯ ಅಪ್ರಾಮಾಣಿಕತೆಯ ಮಾತಲ್ಲ. ಎಪ್‌ಸ್ಟೀನ್ 1970ರಲ್ಲಿ ಅದೇ ಊರುಗಳಿಗೆ ಮರಳಿ, ತಮ್ಮ ಹಿಂದಿನ ನಿರ್ಣಯಗಳನ್ನು ತಾವೇ ಪರೀಕ್ಷಿಸಿ 1973ರಲ್ಲಿ ಎರಡನೆಯ ಗ್ರಂಥ ಬರೆದರು. 1998ರಲ್ಲಿ, ನಲವತ್ತು ವರ್ಷಗಳ ಬದಲಾವಣೆಯನ್ನು ಕುರಿತ ಪುಸ್ತಕವನ್ನು ಎ.ಪಿ. ಸೂರ್ಯನಾರಾಯಣ ಮತ್ತು ಟಿ. ತಿಮ್ಮೇಗೌಡರೊಡನೆ ಸೇರಿ ಹೊರತಂದರು. ಒಬ್ಬರೇ ಬರೆದ ಮೊದಲ ಗ್ರಂಥದಿಂದ ಈ ನಾಡಿನವರು ಸಹಲೇಖಕರಾದ ಮೂರನೆಯ ಗ್ರಂಥದವರೆಗಿನ ಈ ನಡೆ, ಸಮಾಜವಿಜ್ಞಾನ ಸಾಗಬೇಕಾದ ದಿಕ್ಕನ್ನು ತೋರುತ್ತದೆ.

ಮರುಭೇಟಿಯ ಬೆಲೆಯನ್ನು ಇನ್ನಷ್ಟು ಸ್ಪಷ್ಟವಾಗಿ ತಿಳಿಸುವುದು ಉತ್ತರಪ್ರದೇಶದ ಮೊರಾದಾಬಾದ್ ಜಿಲ್ಲೆಯ ಪಾಲನ್‌ಪುರ. ದೆಹಲಿ ವಿಶ್ವವಿದ್ಯಾಲಯದ ಕೃಷಿ ಅರ್ಥಶಾಸ್ತ್ರ ಸಂಶೋಧನಾ ಕೇಂದ್ರ 1957-58ರಲ್ಲಿ ಮತ್ತು 1962-63ರಲ್ಲಿ ಅಲ್ಲಿ ಮನೆಮನೆಯ ಸಮೀಕ್ಷೆ ನಡೆಸಿತ್ತು. ಆ ಬುನಾದಿಯ ಮೇಲೆ 1974-75ರಲ್ಲಿ ಇಂಗ್ಲೆಂಡಿನ ಕ್ರಿಸ್ಟೋಫರ್ ಬ್ಲಿಸ್ ಮತ್ತು ನಿಕೊಲಾಸ್ ಸ್ಟರ್ನ್, 1983-84ರಲ್ಲಿ ಜ್ಯಾಂ ಡ್ರೇಜ್ ಮತ್ತು ನರೇಶ್ ಶರ್ಮಾ, ಅನಂತರ ಇತರರು ಅದೇ ಊರನ್ನು ಮತ್ತೆ ಮತ್ತೆ ಅಳೆದದ್ದರಿಂದ, ಹಸಿರು ಕ್ರಾಂತಿಯ ಗೋಧಿ ತಂದ ಗಳಿಕೆಯ ಜಾಗವನ್ನು ಹೊಲದಾಚೆಯ ಕೆಲಸ ಕ್ರಮೇಣ ಹೇಗೆ ಹಿಡಿಯಿತೆಂಬುದು ಕುಟುಂಬಕುಟುಂಬದ ಮಟ್ಟದಲ್ಲಿ ದಾಖಲಾಗಿದೆ. ಲೋಕಪ್ರಸಿದ್ಧವಾದ ಈ ಅಧ್ಯಯನದ ಮೊದಲ ಎರಡು ಸುತ್ತುಗಳು ದೆಹಲಿಯವೇ ಎಂಬುದನ್ನು ದೆಹಲಿಯಲ್ಲಿ ನೆನೆಯುವುದು ಅಗತ್ಯ, ಏಕೆಂದರೆ ಮುಂದಿನ ಸುತ್ತುಗಳ ಕೀರ್ತಿ ಬಹುಪಾಲು ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಹೆಸರಿಗೆ ಸೇರಿದೆ. ದೀರ್ಘಕಾಲ ಒಂದೇ ಊರಿಗೆ ಬದ್ಧವಾಗಿರಲು ಬೇಕಾದ ಹಣ, ತಾಳ್ಮೆ ಮತ್ತು ದಾಖಲೆಗಳ ಜೋಪಾನವನ್ನು ಇಲ್ಲಿಯ ಸಂಸ್ಥೆಗಳು ತಾವೇ ಹೊರಬೇಕಿದೆ.

ಆದುದರಿಂದ ಈ ಸಂಕಿರಣದ ಗೋಷ್ಠಿಗಳು ಯುರೋಪಿನ ಸಂಶೋಧನೆಯ ಗುಣದೋಷಗಳನ್ನು ಪಟ್ಟಿ ಮಾಡುವುದಕ್ಕೆ ನಿಲ್ಲದೆ, ವಂಗಲ ಮತ್ತು ದಲೇನಗಳೆಂದು ಹೆಸರು ಪಡೆದ ಊರುಗಳ ಮುಂದಿನ ಸಮೀಕ್ಷೆಯನ್ನು ಕರ್ನಾಟಕದ ಸಂಸ್ಥೆಗಳು ಕೈಗೊಳ್ಳುವ ಬಗೆಯನ್ನು ಯೋಜಿಸಬೇಕೆಂಬುದು ಅಪೇಕ್ಷೆ. ಅದರ ಪ್ರಶ್ನಾವಳಿ ಇಂಗ್ಲಿಷಿನಲ್ಲಿ ಸಿದ್ಧವಾಗಿ ಕನ್ನಡಕ್ಕೆ ಇಳಿಯುವ ಬದಲು ಮಂಡ್ಯದ ಕನ್ನಡದಲ್ಲೇ ರೂಪುಗೊಳ್ಳಬೇಕು. ಹೊಲದಲ್ಲಿ ಕಳೆ ಕೀಳುವ ಮತ್ತು ಮನೆಯಲ್ಲಿ ಸಂಬಳವಿಲ್ಲದೆ ದುಡಿಯುವ ಹೆಂಗಸರ ಉತ್ತರಗಳನ್ನು ಮನೆಯ ಯಜಮಾನನ ಬಾಯಿಂದ ಪಡೆಯುವ ರೂಢಿ ನಿಲ್ಲಬೇಕು. ಎಪ್‌ಸ್ಟೀನ್ ಅವರ 1962 ಮತ್ತು 1973ರ ಗ್ರಂಥಗಳ ನಿರ್ಣಯಗಳು ಮೊದಲು ಕನ್ನಡದಲ್ಲಿ ಆ ಊರುಗಳ ಓದುಬಲ್ಲ ಯುವಜನರ ಕೈಗೆ ಹೋಗಿ, ಅವರ ಟಿಪ್ಪಣಿಗಳು ಹೊಸ ಸಮೀಕ್ಷೆಯ ಪ್ರಶ್ನೆಗಳಾಗಿ ಮಾರ್ಪಡಬೇಕು. ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಕನ್ನಡ ಪೀಠವೂ ಬೆಂಗಳೂರಿನ ಸಂಸ್ಥೆಯೂ ಸೇರಿದರೆ ಈ ಅನುವಾದದ ಕೆಲಸ ಅಸಾಧ್ಯವೇನಲ್ಲ. ಸಮೀಕ್ಷೆಯ ಖರ್ಚನ್ನು ಯಾರು ಹೊರಬೇಕು, ಸಂಗ್ರಹವಾದ ಮಾಹಿತಿ ಯಾರ ಸ್ವಾಧೀನದಲ್ಲಿರಬೇಕು, ಆದಿಕರ್ನಾಟಕ ಕುಟುಂಬಗಳಿಂದ ಬಂದ ಸಂಶೋಧಕರಿಗೆ ತಂಡದ ನೇತೃತ್ವದಲ್ಲಿ ಯಾವ ಸ್ಥಾನವಿರಬೇಕು ಎಂಬ ಮೂರು ವಿಷಯಗಳಲ್ಲಿ ಸುಲಭದ ಒಮ್ಮತ ಮೂಡಲಾರದು, ಅವುಗಳಿಗೇ ಹೆಚ್ಚಿನ ಸಮಯ ಮೀಸಲಾಗಬೇಕು.