ಪಾಚಿ, ಬೂಷ್ಟು, ಅಣಬೆ – ಇವು ಗಿಡಗಳೇ?

(ಪಂಚಕಲ್ಯಾಣ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)

 

ನಾನು ಪಂಡಿತನಲ್ಲ; ಶೇಂಗಾ, ಮೆಕ್ಕೆಜೋಳಗಳ ವ್ಯಾಪಾರಿ. ಮಾಲಿಗೆ ಬೂಷ್ಟು ಹಿಡಿಯದಂತೆ ಕಾಯುವುದೇ ನಮ್ಮ ಕಸುಬಿನ ಅರ್ಧ ಭಾಗ. ಆದುದರಿಂದ ಈ ಬೂಷ್ಟೆಂಬುದು ಏನೆಂದು ತಿಳಿಯುವ ಕುತೂಹಲ ಬಹುಕಾಲದಿಂದ ಇದೆ. ಓದಿ ತಿಳಿದುದನ್ನು ತಮ್ಮ ಮುಂದೆ ಅರಿಕೆ ಮಾಡುತ್ತೇನೆ.

ನಮ್ಮ ಮೂಲಾಚಾರ ಗ್ರಂಥವು ಶೈವಾಲ, ಪನಕ ಮೊದಲಾದವನ್ನು ಏಕೇಂದ್ರಿಯವಾದ ವನಸ್ಪತಿಕಾಯದಲ್ಲಿಯೇ ಹೇಳಿದೆ. ಪಶ್ಚಿಮದ ಲಿನೇಯಸನೂ 1753ರ ತನ್ನ ಗ್ರಂಥದಲ್ಲಿ ಪಾಚಿ, ಅಣಬೆಗಳನ್ನು ಸಸ್ಯಗಳ ಸಾಲಿನಲ್ಲಿಯೇ ಇರಿಸಿದನು. 1969ರಲ್ಲಿ ಅಮೆರಿಕದ ವಿಟ್ಟೇಕರ್ ಎಂಬ ವಿಜ್ಞಾನಿಯು ಜೀವಿಗಳನ್ನು ಐದು ವರ್ಗಗಳಾಗಿ ವಿಂಗಡಿಸಿ ಶಿಲೀಂಧ್ರಗಳಿಗೆ ಪ್ರತ್ಯೇಕ ಸ್ಥಾನ ಕೊಟ್ಟನು. ಶಾಸ್ತ್ರವು ಇಂದ್ರಿಯಗಳನ್ನು ಎಣಿಸಿ ವಿಂಗಡಿಸಿದರೆ, ವಿಜ್ಞಾನವು ದೇಹರಚನೆ ಮತ್ತು ಆಹಾರಕ್ರಮವನ್ನು ನೋಡಿ ವಿಂಗಡಿಸುತ್ತದೆ. ತೂಕದ ಕಲ್ಲಿನಿಂದ ಬಟ್ಟೆಯನ್ನು ಅಳೆಯಲಾಗದು. ಎರಡನ್ನೂ ಅವುಗಳ ಸ್ಥಾನದಲ್ಲಿ ತಿಳಿಯಬೇಕು.

ಗಿಡಕ್ಕೆ ಸಾಮಾನ್ಯವಾಗಿ ಬೇರು, ಕಾಂಡ, ಎಲೆಗಳುಂಟು. ಎಲೆಯ ಪತ್ರಹರಿತ್ತಿನ ಬಲದಿಂದ ಬಿಸಿಲು, ಗಾಳಿ, ನೀರುಗಳನ್ನು ಕೂಡಿಸಿ ಅದು ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಹರಿಹರದಲ್ಲಿ ತುಂಗಭದ್ರೆಯ ನೀರು ಇಳಿದಾಗ ದಡದ ಕಲ್ಲುಗಳ ಮೇಲೆ ಕಾಲು ಜಾರಿಸುವ ಹಸಿರು ಲೋಳೆಯನ್ನು ನೋಡಿರಿ. ಅದು ಪಾಚಿ. ಅದರಲ್ಲಿಯೂ ಪತ್ರಹರಿತ್ತುಂಟು, ಆದರೆ ಬೇರು, ಕಾಂಡ, ಎಲೆಗಳೆಂಬ ಭೇದವಿಲ್ಲ, ಇಡೀ ಮೈಯಿಂದಲೇ ನೀರನ್ನು ಹೀರುತ್ತದೆ. ಹಸಿರು ಪಾಚಿಯು ಗಿಡಗಳ ಹತ್ತಿರದ ಬಂಧು. ನೀಲಿಹಸಿರು ಪಾಚಿಯಾದರೋ ವಾಸ್ತವವಾಗಿ ಬ್ಯಾಕ್ಟೀರಿಯಾ. ಮಳೆಗಾಲದಲ್ಲಿ ಗೋಡೆಯ ಮೇಲೆ ಬೆಳೆಯುವ ಹಸಿರು ಮೆತ್ತೆಯನ್ನೂ ನಾವು ಪಾಚಿಯೆನ್ನುತ್ತೇವೆ; ಅದು ಮಾತ್ರ ಬಹುಮಟ್ಟಿಗೆ ನಿಜವಾದ ಸಣ್ಣ ಸಸ್ಯವೇ.

ಶಿಲೀಂಧ್ರಗಳ ರೀತಿ ಬೇರೆ. ಅಣಬೆ, ಬೂಷ್ಟು, ಯೀಸ್ಟ್ ಮೂರೂ ಈ ಕುಲದವು. ಇವುಗಳಲ್ಲಿ ಪತ್ರಹರಿತ್ತಿಲ್ಲ, ಆದುದರಿಂದ ಕತ್ತಲೆಯಲ್ಲಿಯೂ ಬೆಳೆಯುತ್ತವೆ. ಪರರ ಆಹಾರದ ಮೇಲೆ ಪಾಚಕರಸವನ್ನು ಸ್ರವಿಸಿ, ಹೊರಗೇ ಕರಗಿಸಿ, ಆ ಸಾರವನ್ನು ಹೀರುತ್ತವೆ. ಗಿಡದ ಜೀವಕೋಶದ ಗೋಡೆ ಸೆಲ್ಯುಲೋಸಿನದು. ಇವುಗಳ ಗೋಡೆಯಲ್ಲಿರುವುದು ಕೈಟಿನ್, ಅಂದರೆ ಏಡಿಯ ಚಿಪ್ಪಿನಲ್ಲಿರುವ ವಸ್ತು. ಶಿಲೀಂಧ್ರಗಳು ಗಿಡಗಳಿಗಿಂತ ಪ್ರಾಣಿಗಳಿಗೇ ಹತ್ತಿರದ ಬಂಧುಗಳೆಂದು 1993ರಿಂದೀಚಿನ ಸಂಶೋಧನೆಗಳು ತೋರಿಸಿವೆ.

ಯೀಸ್ಟ್ ಎಂಬುದು ಒಂದೇ ಕೋಶದ ಶಿಲೀಂಧ್ರ. ಮೊಗ್ಗೊಡೆದು ಒಂದು ಎರಡಾಗುತ್ತದೆ. ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಅನಿಲವನ್ನೂ ಬಿಡುತ್ತದೆ. ಬ್ರೆಡ್ಡು ಉಬ್ಬುವುದು ಆ ಅನಿಲದಿಂದ. ನಮ್ಮೂರಿನ ಬೆಣ್ಣೆದೋಸೆಯ ಹಿಟ್ಟು ಹುಳಿಯುವಲ್ಲಿ ಮಾತ್ರ ಮುಖ್ಯ ಪಾತ್ರ ಬ್ಯಾಕ್ಟೀರಿಯಾಗಳದು, ಯೀಸ್ಟ್ ಜೊತೆಗಾರ.

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರು ಕೊಳೆರೋಗವನ್ನು ಬಲ್ಲರು. ಮೈಸೂರು ಸಂಸ್ಥಾನದ ಕೋಲ್ಮನ್ ಅವರು 1910ರಲ್ಲಿ ಅದರ ಅಧ್ಯಯನವನ್ನು ಪ್ರಕಟಿಸಿದರು. ಮೈಲುತುತ್ತ, ಸುಣ್ಣಗಳ ಬೋರ್ಡೋ ದ್ರಾವಣ ಇಂದಿಗೂ ಅದಕ್ಕೆ ಮದ್ದು. ಬಹುಕಾಲ ಶಿಲೀಂಧ್ರವೆಂದು ಎಣಿಸಿದ್ದ ಆ ರೋಗಾಣುವು ಕಂದು ಪಾಚಿಗಳ ಬಂಧುವೆಂದು ಈಗ ತಿಳಿದಿದೆ. ನೋಟಕ್ಕೆ ಒಂದೇ ಆದದ್ದೆಲ್ಲ ಒಂದೇ ಕುಲವಲ್ಲ.

ಈ ಭೇದವನ್ನು ತಿಳಿದು ನಮಗೇನು ಎಂದು ಕೇಳಬಹುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತವು. ಅವುಗಳ ಮೇವಿನಲ್ಲಿದ್ದ ಶೇಂಗಾ ಹಿಂಡಿಯ ಬೂಷ್ಟೇ ಕಾರಣವೆಂದು ಬಳಿಕ ಗೊತ್ತಾಯಿತು. ಆ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರು. ಅದು ಮನುಷ್ಯನ ಯಕೃತ್ತಿಗೆ ಅರ್ಬುದರೋಗ ತರಬಲ್ಲುದು. ಮನೆಯ ಅಡಿಗೆಯ ಬೆಂಕಿಗೆ ಪೂರ್ತಿ ನಾಶವಾಗದು. ಬೂಷ್ಟು ಹಿಡಿದ ಕಾಳನ್ನು ಒರೆಸಿ, ಒಳ್ಳೆಯ ಮಾಲಿನಲ್ಲಿ ಬೆರೆಸಿ ಮಾರುವವನು ಗಿರಾಕಿಗೆ ವಿಷವನ್ನೇ ತೂಗಿಕೊಟ್ಟಂತೆ. ವ್ಯಾಪಾರಿ ಬಾಂಧವರು ಇದನ್ನು ಮರೆಯಬಾರದು.

ಪಾಚಿಗೆ ನೀರಿನ ಜೊತೆ ಬೆಳಕು ಬೇಕು. ತೊಟ್ಟಿಗೆ ಮುಚ್ಚಳವಿದ್ದರೆ ಅದು ಹಬ್ಬದು. ಬೂಷ್ಟಿಗೆ ಬೆಳಕು ಬೇಡ, ತೇವ ಸಾಕು; ಗೋದಾಮನ್ನು ಕತ್ತಲೆ ಮಾಡಿದರೆ ಫಲವಿಲ್ಲ, ಮಾಲನ್ನು ಒಣಗಿಸಬೇಕು. ಶೇಂಗಾ ಕಾಯಿಯಲ್ಲಿ ತೇವ ಶೇಕಡ 8ರೊಳಗೆ, ಮೆಕ್ಕೆಜೋಳದಲ್ಲಿ ಶೇಕಡ 12ರ ಸುಮಾರಿಗೆ ಇರುವುದು ಕ್ಷೇಮ. ನಮ್ಮ ಹಿರಿಯರು ಹಿಟ್ಟಿಗೆ ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳ ಮರ್ಯಾದೆಯನ್ನು ವಿಧಿಸಿದುದರ ವಿವೇಕವೂ ಇದರಿಂದ ಮನದಟ್ಟಾಗುತ್ತದೆ.

ಬೆಳೆದ ಮೇಲೆ ತಿಕ್ಕಿ, ಸುಟ್ಟು, ಮದ್ದು ಹಾಕಿ ಕೊಲ್ಲುವುದಕ್ಕಿಂತ, ಬೆಳೆಯಲು ಎಡೆಗೊಡದಿರುವುದು ಲೇಸು. ಅಹಿಂಸೆಗೂ ಆರೋಗ್ಯಕ್ಕೂ ವ್ಯಾಪಾರದ ಪ್ರಾಮಾಣಿಕತೆಗೂ ಈ ಎಚ್ಚರವೊಂದೇ ದಾರಿಯೆಂದು ಬಿನ್ನವಿಸಿ ನನ್ನ ಮಾತನ್ನು ಮುಗಿಸುತ್ತೇನೆ.

ಜೈ ಜಿನೇಂದ್ರ.